ಯಾರ ತೋಟದ ಮರ ಇದು?

ಕಳೆದ ವರ್ಷ ಅಪ್ಪ ತೀರ್ಥಹಳ್ಳಿಯಿಂದ ಅಮೆರಿಕದಲ್ಲಿರುವ ನನ್ನ ಮನೆಗೆ ಬಂದರು. ಪೋರ್ಟ್‌ಲ್ಯಾಂಡ್ ಏರ್‌ಪೋರ್ಟಿಗೆ ಕರೆದುಕೊಂಡು ಬರಲು ಹೋಗಿದ್ದೆ. ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ ಮಾಡಿ ಬಂದ ಮನುಷ್ಯ, ಮಗನ ಮುಖ ನೋಡುವ ಮೊದಲು ತಲೆ ಎತ್ತಿ ಅಲ್ಲಿಯ ಮರದ ಮಾಡು, ಅಂದರೆ ಚಾವಣಿ ನೋಡಿದರು. "ಯಾರ ತೋಟದ ಮರ ಮಾರಾಯ ಇದು?"

ನನಗೆ ನಗು ಬಂತು. ಒಂಬತ್ತು ಎಕರೆ ಮಾಡು, ನಮ್ಮ ಅಡಿಕೆ ತೋಟಕ್ಕಿಂತ ದೊಡ್ಡದು. ಅದಕ್ಕೆ ಯಾರ ತೋಟ ಅಂತ ಹೇಳುವುದು? ಆದರೆ ಮನೆಗೆ ಬಂದು ಹುಡುಕಿದರೆ ಉತ್ತರ ಇತ್ತು! ಎಲ್ಲಾ ಡಗ್ಲಸ್ ಫರ್ ಅನ್ನುವ ಮರ, ಎಲ್ಲಾ ಇಲ್ಲಿಂದ 300 ಮೈಲಿಯೊಳಗೆ ಬೆಳೆದದ್ದು. ಕೆಲವು ಯಾಕಮಾ, ಕೊಕ್ವೆಲ್ ಬುಡಕಟ್ಟಿನವರ ಕಾಡಿನದು, ಕೆಲವು ಸಣ್ಣ ಕುಟುಂಬಗಳು ನೋಡಿಕೊಳ್ಳುವ ಕಾಡಿನದು. 2024ರ ಆಗಸ್ಟಿನಲ್ಲಿ ತೆರೆದ ಈ ಟರ್ಮಿನಲ್ಲಿನವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ನಮ್ಮಲ್ಲಿ ಮರ ಎಲ್ಲಿಂದ ಬಂತು ಅಂತ ಕೇಳುವುದು ಪೊಲೀಸರ ಪ್ರಶ್ನೆ, ಅಲ್ವಾ? ಕೇಳಿದವನನ್ನೇ ಎಲ್ಲರೂ ಅನುಮಾನದಿಂದ ನೋಡುತ್ತಾರೆ. ನನ್ನ ತಮ್ಮ ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡಾಗ ಮುಂಬಾಗಿಲು ಅಪ್ಪಟ ತೇಗ ಅಂದಿದ್ದರು. ಎರಡನೇ ಮಳೆಗಾಲಕ್ಕೆ ಅಂಚು ಉಬ್ಬಿ, ಮೇಲಿನ ಪದರ ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ಪುಡಿ ಒತ್ತಿ ಮಾಡಿದ ಹಲಗೆ. ಬಿಲ್ಡರನ್ನು ಕೇಳಿದರೆ "ತೇಗದ್ದೇ ಸಾರ್, ತೇಗದ ಫಿನಿಶ್" ಅಂದ! ಇನ್ನು ಅಪ್ಪ ತಮ್ಮದೇ ಜಾಗದಲ್ಲಿ ಬೆಳೆದ ಒಂದೇ ಒಂದು ಹೊನ್ನೆ ಕಡಿಯಲು ಎಷ್ಟು ಸಲ ಕಚೇರಿಗೆ ಅಲೆದರು ಅನ್ನುವುದು ಬೇರೆಯೇ ಕಥೆ. ಬಿದಿರನ್ನೂ 2017ರವರೆಗೆ ನಮ್ಮ ಅರಣ್ಯ ಕಾನೂನು ಮರ ಅಂತಲೇ ಹಿಡಿದಿತ್ತು. ಸುಮ್ನೆ ಹುಲ್ಲು ಅದು.

ಏರ್‌ಪೋರ್ಟಿನ ಆ ಮಾಡಿನಂಥ ಮರದ ಕೆಲಸಕ್ಕೆ ಇಲ್ಲಿಯವರು ಮಾಸ್ ಟಿಂಬರ್ ಅನ್ನುತ್ತಾರೆ. ದೊಡ್ಡ ಮರವನ್ನೇ ಕಡಿದು ತೊಲೆ ಮಾಡುವುದಲ್ಲ. ಸಣ್ಣ ಹಲಗೆ, ತೆಳು ಪದರಗಳನ್ನು ಅಂಟು ಹಾಕಿ ಒತ್ತಿ ದಪ್ಪ ತೊಲೆ, ದಪ್ಪ ಹಾಸು ಮಾಡುವುದು. ಬೆಂಕಿ ಬಿದ್ದರೆ ಅಂತ ಅಪ್ಪ ಕೇಳಿದರು. ಅದಕ್ಕೆ ಪಕ್ಕದಲ್ಲಿದ್ದ ಅಮ್ಮನೇ ಉತ್ತರ ಹೇಳಿದರು. ಬಚ್ಚಲೊಲೆಗೆ ದಪ್ಪ ಕುಂಟೆ ಇಟ್ಟರೆ ಹೊರಗೆ ಕರಿಯಾಗಿ ಇದ್ದಿಲು ಕಟ್ಟಿಕೊಂಡು ಒಳಗಿನದು ಬೆಳಗಿನವರೆಗೂ ಹಾಗೇ ಇರುವುದಿಲ್ವೇ? ಎಂಜಿನಿಯರುಗಳು ಹೇಳುವುದೂ ಹೆಚ್ಚುಕಮ್ಮಿ ಅದನ್ನೇ. ನನಗೆ ಇನ್ನೂ ಇಷ್ಟವಾದದ್ದು ಕಟ್ಟಿದ ರೀತಿ. ಮಾಡನ್ನು ದೊಡ್ಡ ದೊಡ್ಡ ತುಂಡುಗಳಾಗಿ ಏರ್‌ಪೋರ್ಟಿನ ಬಯಲಲ್ಲೇ ಜೋಡಿಸಿ, ರಾತ್ರಿ ಹೊತ್ತು ನಿಧಾನಕ್ಕೆ ಸಾಗಿಸಿ ತಂದು ಕೂರಿಸಿದರು. ಕೆಳಗೆ ಜನ ಹಗಲೆಲ್ಲ ಎಂದಿನ ಹಾಗೆ ವಿಮಾನ ಹತ್ತುತ್ತಿದ್ದರು. ನಮ್ಮಲ್ಲಿ ಒಂದು ಫ್ಲೈಓವರಿಗೆ ರಸ್ತೆ ಎಷ್ಟು ವರ್ಷ ಮುಚ್ಚುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

ಸರಿ, ಇಷ್ಟು ಹೊಗಳಿದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕು. ಆ ಮಾಡು ನಿಂತಿರುವುದು ಉಕ್ಕಿನ ಕಂಬಗಳ ಮೇಲೆ. ಇಂಥದೇ ಕಾಡಿನದು ಅಂತ ಗುರುತು ಹಿಡಿಯಲು ಆಗುವುದು ಒಂದು ಪಾಲಿನ ಮರಕ್ಕೆ ಮಾತ್ರ, ಎಲ್ಲದಕ್ಕೂ ಅಲ್ಲ. ಇಲ್ಲಿಂದ ಸಮುದ್ರದ ಕಡೆ ಕಾರಲ್ಲಿ ಹೋದರೆ ಗುಡ್ಡಕ್ಕೆ ಗುಡ್ಡವೇ ಬೋಳಿಸಿದ್ದು ಕಾಣುತ್ತದೆ. ಮತ್ತೆ ನಮ್ಮೂರ ಮನೆಯ ಬಾಗಿಲವಾಡ ಯಾವ ಹಲಸಿನದು ಅಂತ ಅಜ್ಜಿಗೂ ಗೊತ್ತಿತ್ತು, ಆಚಾರ್ರಿಗೂ ಗೊತ್ತಿತ್ತು. ಅದಕ್ಕೆ ಯಾವ ಸರ್ಟಿಫಿಕೇಟೂ ಬೇಕಿರಲಿಲ್ಲ.

ಇನ್ನೊಂದು ಇದೆ, ಹೇಳಲು ಮನಸ್ಸಿಲ್ಲ. ಬೆಂಗಳೂರಿನ ಎರಡನೇ ಟರ್ಮಿನಲ್ 2022ರಲ್ಲೇ ಉದ್ಘಾಟನೆಯಾಯಿತು, ತಲೆ ಮೇಲೆಲ್ಲ ಬಿದಿರು. ಅಪ್ಪ ವಿಮಾನ ಹತ್ತಿದ್ದೂ ಅಲ್ಲಿಂದಲೇ. ಅದು ಹೇಗಿತ್ತು ಅಂತ ಕೇಳಿದೆ.

"ಚೆನ್ನಾಗಿತ್ತು. ಎಲ್ಲಿಯ ಬಿದಿರು ಅಂತ ಕೇಳೋಣ ಅಂದುಕೊಂಡೆ. ಯೂನಿಫಾರ್ಮ್ ಹಾಕಿದವರೇ ಇದ್ದರು ಸುತ್ತ. ಸುಮ್ನಾದೆ."