ಬಸ್ಸು ಹಾರ್ತಿಲ್ಲೆ ಮಾರಾಯಾ!

ಬಸ್ಸು ಒಮ್ಮೆ ಗಂಟೆಗೆ 50 ಮೈಲಿ ವೇಗ ಮುಟ್ಟಿದರೆ ಬಾಂಬು ಎಚ್ಚರಾಗುತ್ತದೆ. ಆಮೇಲೆ ವೇಗ ಅದಕ್ಕಿಂತ ಇಳಿದರೆ ಢಮಾರ್. 1994ರ ‘ಸ್ಪೀಡ್’ ಸಿನಿಮಾದ ಕತೆ ಇಷ್ಟೇ. 50 ಮೈಲಿ ಅಂದ್ರೆ ನಮ್ಮ ಲೆಕ್ಕದಲ್ಲಿ 80 ಕಿಲೋಮೀಟರ್. ಶಿರಸಿ-ಕುಮಟಾ ಬಸ್ಸಿಗೆ ಈ ಬಾಂಬು ಇಟ್ಟರೆ ಯಾರೂ ಹೆದರಬೇಕಾಗಿಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ನಮ್ಮ ಬಸ್ಸು ಆ ವೇಗ ಕಾಣುವುದು ಯಾವ ಜನ್ಮಕ್ಕೆ? ಬಾಂಬು ಆರಾಮಾಗಿ ನಿದ್ದೆ ಹೊಡೆದು, ಲಗೇಜ್ ಚಾರ್ಜ್ ಕೊಟ್ಟು ಕುಮಟಾದಲ್ಲಿ ಇಳಿದು ಹೋಗಬೇಕಷ್ಟೆ.

ಆದರೂ ಈ ಸಿನಿಮಾದ ದೊಡ್ಡ ಗುಣ ಈ ಒಂದು ಸಾಲಿನ ಕತೆಯೇ. ಇಂಗ್ಲಿಷ್ ಬಾರದ ನಮ್ಮ ಆಯಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಈಗಿನ ಆ್ಯಕ್ಷನ್ ಸಿನಿಮಾಗಳಲ್ಲಿ ಯಾರು ಯಾರನ್ನು ಯಾಕೆ ಹೊಡೆಯುತ್ತಿದ್ದಾರೆ ಅಂತ ತಿಳಿಯುವುದರೊಳಗೆ ಇಂಟರ್‌ವಲ್ ಬಂದಿರುತ್ತದೆ. ಇಲ್ಲಿ ಹಾಗಲ್ಲ. ನಿಂತರೆ ಸತ್ತರು, ಅಷ್ಟೇ. ಕೂತವರ ಕಾಲೂ ನೆಲ ಒತ್ತುತ್ತಿರುತ್ತದೆ.

ಆಯಿಯ ತಕರಾರುಗಳೇ ಬೇರೆ. “ಇಷ್ಟು ಜೋರು ಓಡಿದ್ರೂ ವಾಂತಿ ಬತ್ತಿಲ್ಯ ಅವಕ್ಕೆ?” ಅಂದಳು. ಒಳ್ಳೇ ಪ್ರಶ್ನೆ. ಅಷ್ಟು ಜನರಲ್ಲಿ ಒಬ್ಬರಾದರೂ ಕಿಟಕಿ ಕಡೆ ಸರಿಯಬೇಕಿತ್ತು, ಅಲ್ವಾ? ಡ್ರೈವರ್‌ಗೆ ಗುಂಡು ತಗುಲಿದ ಮೇಲೆ ಸ್ಟೇರಿಂಗ್ ಹಿಡಿಯುವುದು ಸಾಂಡ್ರಾ ಬುಲಕ್. ಆಕೆ ಬಸ್ಸು ಹತ್ತಿದ್ದೇ, ಜೋರಾಗಿ ಕಾರು ಓಡಿಸಿ ಲೈಸೆನ್ಸ್ ಕಳಕೊಂಡಿದ್ದರಿಂದ! ಇಂಥ ಚಂದದ ಕುಚೋದ್ಯ ಇರುವುದರಿಂದಲೇ ಉಳಿದ ಸುಳ್ಳುಗಳನ್ನು ನಾವು ಸುಮ್ನೆ ನುಂಗುವುದು.

ಸದ್ದಿನ ಬಗ್ಗೆ ನಾನು ಏನೂ ಹೇಳಲಾರೆ. ಶಬ್ದದ ಕೆಲಸಕ್ಕೇ ಈ ಸಿನಿಮಾಕ್ಕೆ 2 ಆಸ್ಕರ್ ಬಂದಿವೆ. ಆದರೆ ನಾವು ನೋಡಿದ್ದು ಆಷಾಢದಲ್ಲಿ, ಹಂಚಿನ ಮಾಡಿನ ಕೆಳಗೆ. ಮಳೆ ಹೊಡೆತಕ್ಕೆ ಬಾಂಬು ಸಿಡಿದದ್ದೂ ಕೇಳಲಿಲ್ಲ.

ಇನ್ನು ಆ ಹಾರಾಟ. ಮುಂದೆ ಮೇಲ್ಸೇತುವೆ ಕಟ್ಟಿ ಮುಗಿದಿಲ್ಲ, ನಡುವೆ 50 ಅಡಿ ಖಾಲಿ. ಹೀರೋ ಕಿಯಾನು ರೀವ್ಸ್ ಇನ್ನೂ ಜೋರಾಗಿ ಒತ್ತು ಅನ್ನುತ್ತಾನೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಆಯಿಯ ಬೆರಳು ಅಲ್ಲೇ ನಿಂತಿತು. ಬಸ್ಸು ಮೂತಿ ಎತ್ತಿ ಹಾರಿತು. ಅಷ್ಟರಲ್ಲಿ ಕರೆಂಟು ಹೋಯಿತು!

ಎಲ್ಲೋ ತಂತಿ ಮೇಲೆ ಮರ ಬಿದ್ದಿರಬೇಕು. ಬಸ್ಸು ಗಾಳಿಯಲ್ಲಿ, ನಾವು ಕತ್ತಲಲ್ಲಿ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಭಾವ ಮೊಬೈಲ್ ಬೆಳಕಲ್ಲಿ ಉಪನಯನದ ಕರೆಯೋಲೆ ಮಗುಚಿ, ಬೆನ್ನ ಮೇಲೆ ಲೆಕ್ಕ ಶುರು ಮಾಡಿದ. ವೇಗ 70 ಮೈಲಿ ಎಂದೇ ಹಿಡಿ. ಸೆಕೆಂಡಿಗೆ 31 ಮೀಟರ್. 50 ಅಡಿ ದಾಟಲು ಅರ್ಧ ಸೆಕೆಂಡು. ಅಷ್ಟರೊಳಗೆ ಬಸ್ಸು ಸುಮಾರು 4 ಅಡಿ ಕೆಳಗೆ ಬಿದ್ದಾಯಿತು. ಅಂದರೆ ಆಚೆ ದಡಕ್ಕೆ ಚಕ್ರ ಅಲ್ಲ, ಡ್ರೈವರ್ ಮುಂದಿನ ಗಾಜು ಬಡಿಯಬೇಕು.

“ಬಸ್ಸು ಹಾರ್ತಿಲ್ಲೆ ಮಾರಾಯಾ!” ಎಂದು ಪೆನ್ನು ಕುಟ್ಟಿದ.

ಹಾರಿದ್ದೇನೋ ನಿಜ. ಶೂಟಿಂಗ್‌ನಲ್ಲಿ ಖರೇ ಬಸ್ಸನ್ನೇ ರ‍್ಯಾಂಪ್ ಮೇಲಿಂದ ಹಾರಿಸಿದ್ದರು. ಆದರೆ ಕೆಳಗೆ ರಸ್ತೆ ಪೂರ್ತಿ ಇತ್ತು. ನಡುವಿನ ತುಂಡನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದು ಆಮೇಲೆ. ನಮ್ಮ ಕಡೆ ಇದಕ್ಕೆ ಕಂಪ್ಯೂಟರ್ ಬೇಡ, ಒಂದು ಮಳೆಗಾಲ ಸಾಕು.

ಇದನ್ನು ಹೇಳಿದರೆ ಭಾವನಿಗೆ ಗೆದ್ದ ಖುಷಿ. ಆಯಿಗೆ ಮಾತ್ರ ಸಿಟ್ಟು. “ನಿಂಗಳ ಲೆಕ್ಕ ಒಲೆಗೆ ಹಾಕಿ. ಅಷ್ಟು ಜನ ಎಂತಾದ?” ಕರೆಂಟು ಬಂತು, ಬಸ್ಸು ದಢಕ್ ಎಂದು ಆಚೆ ಬಿತ್ತು, ಆಯಿ ಕವಳ ಬಾಯಿಗೆ ಹಾಕಿಕೊಂಡಳು. ನನ್ನ ಪ್ರಕಾರ ಇದೇ ಸರಿಯಾದ ವಿಮರ್ಶೆ. ಒಳಗೆ ಕೂತವರ ಮೇಲೆ ಜೀವ ಇಟ್ಟರೆ ಬಸ್ಸು ಹಾರುತ್ತದೆ. ಇಡದಿದ್ದರೆ ಎಷ್ಟು ಕೋಟಿ ಸುರಿದರೂ ಹಾರುವುದಿಲ್ಲ.

ನಿಜವಾದ ದೋಷ ಹಾರಾಟದ್ದಲ್ಲ, ಅದರ ಆಚೆಗಿನದು. ಬಸ್ಸು ಖಾಲಿಯಾಗಿ ವಿಮಾನಕ್ಕೆ ಗುದ್ದಿ ಸಿಡಿದ ಮೇಲೆ ಕತೆ ಮುಗಿಯಬೇಕಿತ್ತು. ಅವರು ಸುರಂಗದ ರೈಲೊಂದನ್ನು ತಂದು ಎಳೆಯುತ್ತಾರೆ. ನಿಲ್ಲದ ರೈಲನ್ನು ಹೀರೋ ಇನ್ನೂ ಜೋರು ಓಡಿಸಿ ಹಳಿ ತಪ್ಪಿಸುತ್ತಾನೆ, ಅದು ಊರ ರಸ್ತೆಗೇ ಬಂದು ನಿಲ್ಲುತ್ತದೆ.

ಆಯಿ ಅಷ್ಟರವರೆಗೆ ಕೂರಲಿಲ್ಲ. “ಬಸ್ಸೇ ಮುಗ್ದೋತು, ಇನ್ನೆಂತದು?” ಎನ್ನುತ್ತ ಹಾಸಿಗೆ ಬಿಡಿಸಲು ಹೋದಳು. ಭಾವ ಮಾತ್ರ ರೈಲಿನ ಲೆಕ್ಕಕ್ಕೆ ಇನ್ನೊಂದು ಕರೆಯೋಲೆ ಹುಡುಕುತ್ತಿದ್ದ.