ಇಪ್ಪತ್ತು ತುಂಬಿದ ಜೀಪಿಗೆ ಹತ್ತು ಸಾವಿರದ ಸನ್ಮಾನ

ಇಪ್ಪತ್ತು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣಕ್ಕೆ ಹತ್ತು ಸಾವಿರ ರೂಪಾಯಿ. 2025ರ ಆಗಸ್ಟ್‌ನಲ್ಲಿ ಕೇಂದ್ರದಿಂದ ಬಂದ ಆ ಆದೇಶದ ಕಥೆ ಎಲ್ಲರಿಗೂ ಗೊತ್ತು. ಮಲೆನಾಡಿನ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯವರಿಗಂತೂ ಬಾಯಿಪಾಠ. ಯಾಕಂದ್ರೆ ನಮ್ಮಲ್ಲಿ ಇಪ್ಪತ್ತು ದಾಟದ ಜೀಪು ಹುಡುಕೋದೇ ಕಷ್ಟ.

2022ರ ಮಾರ್ಚ್‌ವರೆಗೆ ಈ ಶುಲ್ಕ 600 ರೂಪಾಯಿ ಇತ್ತು. ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ದಾಟಿದವಕ್ಕೆ 10,000 ಆಯಿತು. ಕಾಫಿ ರೇಟಾದರೂ ನಡುವೆ ಒಮ್ಮೆ ಇಳಿದು ಮುಖ ತೋರಿಸುತ್ತೆ, ಇದಕ್ಕೆ ಆ ಸಂಕೋಚವೂ ಇಲ್ಲ.

ಸರ್ಕಾರವನ್ನು ಬೈಯೋ ಹಾಗಿಲ್ಲ. ವಯಸ್ಸಾದವರ ವಿಷಯದಲ್ಲಿ ಅದರದ್ದು ಒಂದೇ ನೀತಿ. ರೈಲಿನಲ್ಲಿ ಹಿರಿಯ ನಾಗರಿಕರಿಗೆ ಇದ್ದ ರಿಯಾಯ್ತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆಮೇಲೆ ಕೊರೋನಾ ಹೋಯಿತು, ರಿಯಾಯ್ತಿ ಬರಲಿಲ್ಲ. ಅಜ್ಜನಿಗೆ ಪೂರ್ತಿ ಟಿಕೆಟ್, ಅಜ್ಜನ ಜೀಪಿಗೆ ಡಬಲ್ ಶುಲ್ಕ. ಭೇದಭಾವ ಅಂತ ಯಾರಾದ್ರೂ ಹೇಳೋಕಾಗುತ್ತಾ?

ಹಳೇ ಗಾಡಿ ಹೊಗೆ ಉಗುಳುತ್ತೆ, ರಸ್ತೆಗೆ ಅಪಾಯ, ಅದಕ್ಕೇ ಈ ಶುಲ್ಕ ಅಂತಾರೆ. ಒಪ್ಪೋಣ. ಆದರೆ ಹೊಗೆ ಅಂದರೆ ಒಂದೇ ಹೊಗೆ ಅಲ್ಲ. ನಮ್ಮ ಮೆಕ್ಯಾನಿಕ್ ಭಾಯ್ ಗ್ಯಾರೇಜಿನೊಳಗೆ ಕೂತೇ, ಗೇಟಿನಲ್ಲಿ ನಿಂತ ಗಾಡಿಯ ಕಾಯಿಲೆ ಹೇಳ್ತಾರೆ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಇಂಜೆಕ್ಟರ್ ಕೆಟ್ಟಿದೆ. ನೀಲಿ ಬಂದರೆ ಪಿಸ್ಟನ್ ರಿಂಗ್ ಸವೆದು ಇಂಜಿನ್ ಆಯಿಲ್ ಕುಡೀತಿದೆ. ಗಾಡಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಇಳೀತಿರಬಹುದು. ಮೂರಕ್ಕೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಖರ್ಚು. ದೆಹಲಿಯ ಕಚೇರಿಗೆ ಮಾತ್ರ ಮೂರಕ್ಕೂ ಒಂದೇ ಮದ್ದು ಹೊಳೆದಿದೆ. ಹತ್ತು ಸಾವಿರ ಕಟ್ಟಿದ ಮೇಲೆ ಕಪ್ಪು ಹೊಗೆ ನಾಚಿಕೊಂಡು ಸೈಲೆನ್ಸರ್ ಒಳಗೇ ಉಳಿದುಬಿಡುತ್ತೇನೋ.

ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯ ಅನ್ನೋ ಸರ್ಟಿಫಿಕೇಟಿಗೆ, ಹೋದವರಿಗೆ ಗೊತ್ತು, ಅಲ್ಲಿ ಇಂಜಿನ್‌ಗಿಂತ ಮುಖ್ಯವಾದ್ದು ಪೆನ್ಸಿಲ್. ಚಾಸಿ ಮೇಲೆ ಎಲ್ಲೋ ಕೆತ್ತಿರುವ ನಂಬರ್ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಅಡ್ಡ ಉಜ್ಜಿ ಅಚ್ಚು ತೆಗೀಬೇಕು. ಮಲೆನಾಡಿನ ಮಳೆ, ಕೆಸರು, ಹಟ್ಟಿ ಗೊಬ್ಬರ ಎಲ್ಲ ಕಂಡ ಚಾಸಿಯಲ್ಲಿ ಆ ನಂಬರ್ ಸಲೀಸಾಗಿ ಸಿಗುತ್ತಾ? ಭಾಯ್ ಹುಡುಗ ಗೋಣಿಚೀಲ ಹಾಸಿ ಗಾಡಿ ಅಡಿಗೆ ಮಲಗ್ತಾನೆ. ಮೊದಲು ಸ್ಕ್ರೂಡ್ರೈವರ್‌ನಲ್ಲಿ ಮಣ್ಣು ಕೆರೀತಾನೆ. ಆಮೇಲೆ ಸೀಮೆಎಣ್ಣೆ ಬಟ್ಟೆ, ಆಮೇಲೆ ಉಪ್ಪುಕಾಗದ. ಜಾಸ್ತಿ ಉಜ್ಜಿದರೆ ತುಕ್ಕಿನ ಜೊತೆ ನಂಬರೂ ಹೋಗುತ್ತೆ, ಕಡಿಮೆ ಉಜ್ಜಿದರೆ ಕಾಣೋದೇ ಇಲ್ಲ. ಒಂದು ಅಂಕಿ ಮೂರೋ ಎಂಟೋ ಅಂತ ಟಾರ್ಚ್ ಹಿಡಿದು ನಾಲ್ಕು ಜನ ಬಗ್ಗಿ ನೋಡಿದ್ದೂ ಆಯಿತು. ಎಂಟು ಅಂದರೆ ಆರ್‌ಸಿ ಜೊತೆ ತಾಳೆಯಾಗಿ ಜೀಪು, ಮೂರು ಅಂದರೆ ಗುಜರಿ. ಅಷ್ಟು ಹೊತ್ತೂ ಬ್ರೇಕ್ ಪೆಡಲ್ ಮೇಲೆ ಯಾರೂ ಕಾಲಿಡಲಿಲ್ಲ.

ನಮ್ಮನೆಯದು ತೊಂಬತ್ತರ ದಶಕದ ಮಹೀಂದ್ರಾ ಎಂಎಂ 540 ಜೀಪು. 2112 ಸಿಸಿಯ ಪೆಜೋ ಡೀಸೆಲ್ ಇಂಜಿನ್. ಚಳಿಯಲ್ಲಿ ಸೆಲ್ಫ್ ಹೊಡೆಯೋ ಮುಂಚೆ ಹೀಟರ್ ಪ್ಲಗ್ ಕಾಯೋತನಕ ಸುಮ್ನೆ ಕೂತಿರಬೇಕು. ಡಿಸೆಂಬರ್ ಬೆಳಿಗ್ಗೆ ಈ ಧ್ಯಾನ ಕಡ್ಡಾಯ. ಅದೂ ಕೆಲಸ ಮಾಡದ ದಿನಕ್ಕೆ ಇಳಿಜಾರು ಇದೆ. ಹೊರಗಿನವರಿಗೆ ಇದು ಗೊತ್ತಿರಲ್ಲ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಜೀಪು ನಿಲ್ಲೋ ಜಾಗ ವಾಸ್ತು ನೋಡಿ ಆರಿಸಿದ್ದಲ್ಲ, ಇಳಿಜಾರು ನೋಡಿ ಆರಿಸಿದ್ದು. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದು, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟರೆ ಗಾಡಿ ಎದ್ದು ಕೂರುತ್ತೆ. ನೆಂಟರು ಬಂದು ತಮ್ಮ ಕಾರನ್ನು ಆ ಜಾಗದಲ್ಲಿ ನಿಲ್ಲಿಸಿದರೆ ಮನೆಯಲ್ಲಿ ಮೌನ ಆವರಿಸುತ್ತೆ. ಕಾಫಿ ಕೊಟ್ಟಾದ ಮೇಲೆ ಯಾರಾದರೊಬ್ಬರು ಮೆಲ್ಲಗೆ, "ಭಾವ, ಕಾರ್ ಸ್ವಲ್ಪ ಆ ಕಡೆ ಹಾಕ್ತೀರಾ" ಅಂತಾರೆ. ಭಾವನಿಗೆ ಬೇಜಾರು. ಅಂಗಳದಲ್ಲಿ ಅಷ್ಟು ಜಾಗ ಖಾಲಿ ಇದೆ ಅಲ್ವಾ? ಇದೆ, ಆದರೆ ಅದು ಸಮತಟ್ಟು.

ನಂಬಿಕಸ್ತ ಗಾಡಿ ಅಲ್ಲ ಅಂತ ಇದನ್ನ ಹೀಯಾಳಿಸೋರಿದ್ದಾರೆ. ಕೆಡುತ್ತೆ, ಇಲ್ಲ ಅನ್ನಲ್ಲ. ಡೀಸೆಲ್ ಲೈನ್ ಏರ್ ಹಿಡಿಯುತ್ತೆ, ಇಳಿದು ಪಂಪ್ ಒತ್ತಿ ಏರ್ ತೆಗೀಬೇಕು. ಹಳ್ಳ ದಾಟಿದ ಮೇಲೆ ಬ್ರೇಕ್ ಡ್ರಮ್ ಒದ್ದೆಯಾಗಿ ಸ್ವಲ್ಪ ದೂರ ದೇವರೇ ಗತಿ. ಸ್ಪ್ರಿಂಗ್ ಪ್ಲೇಟ್ ಮುರಿಯುತ್ತೆ, ಚಕ್ರ ತಿರುಗಿಸೋ ಶಾಫ್ಟಿನ ಕ್ರಾಸ್ ಹೋಗುತ್ತೆ. ಆದರೆ ಕೆಟ್ಟಿದ್ದು ಏನು ಅಂತ ಕಣ್ಣಿಗೆ ಕಾಣುತ್ತೆ, ಕಿವಿಗೆ ಕೇಳುತ್ತೆ. ಪಾನಾ, ಒಂದು ತುಂಡು ತಂತಿ, ಹಳೇ ಟ್ಯೂಬಿನ ರಬ್ಬರ್ ಇದ್ದರೆ ಮನೆ ಸೇರಬಹುದು. ಹೊಸ ಗಾಡಿಯಲ್ಲಿ ಒಂದು ಹಳದಿ ದೀಪ ಹತ್ತಿಕೊಂಡರೆ ಮುಗೀತು. ಅದನ್ನು ಓದೋಕೆ ಕಂಪ್ಯೂಟರ್ ಬೇಕು, ಕಂಪ್ಯೂಟರ್ ಇರೋ ಊರಿಗೆ ಹೋಗೋಕೆ ಗಾಡಿ ಬೇಕು.

"ಗೌಡ್ರೇ, ಇದ್ರಲ್ಲಿ ವಯಸ್ಸಾಗಿರೋದು ಆರ್‌ಸಿ ಬುಕ್ ಒಂದಕ್ಕೇ" ಅಂತಾರೆ ಭಾಯ್. ಸುಳ್ಳಲ್ಲ. ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ್ದು, ಬಾಡಿ ತಗಡು ಬೆಸುಗೆ ಹಾಕಿದ್ದು, ರೇಡಿಯೇಟರ್ ಮೊನ್ನೆ ಮೊನ್ನೆಯದು. ಇದರ ವಯಸ್ಸು ಎಷ್ಟು ಅಂತ ಯಾವ ನಟ್ಟಿನಿಂದ ಲೆಕ್ಕ ಹಾಕೋದು?

ಗುಜರಿಗೆ ಹಾಕಿ, ಸರ್ಟಿಫಿಕೇಟ್ ಕೊಡ್ತೀವಿ, ಅದನ್ನು ತೋರಿಸಿ ಹೊಸ ಗಾಡಿ ತಗೊಂಡರೆ ತೆರಿಗೆಯಲ್ಲಿ 25 ಪರ್ಸೆಂಟ್‌ವರೆಗೆ ರಿಯಾಯ್ತಿ ಸಿಗಬಹುದು ಅಂತಾರೆ. ಹದಿನೈದು ಲಕ್ಷದ ಗಾಡಿ ತಗೊಂಡು ತೆರಿಗೆ ಉಳಿಸೋ ಯೋಗ ನಮ್ಮ ಲೈನ್ ಮನೆಗಳ, ಅಂದರೆ ತೋಟದ ಕೆಲಸದವರ ಸಾಲುಮನೆಗಳ, ಡ್ರೈವರ್‌ಗಳಿಗೆ ಯಾವಾಗ ಬರುತ್ತೋ ನೋಡೋಣ.

ಸರ್ಕಾರ ತನಗೂ ಇದೇ ಶಿಸ್ತು ಹಾಕಿಕೊಂಡಿದೆ, ಮೆಚ್ಚಬೇಕು. 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದು. ಚೆನ್ನಾಗಿ ಓಡುತ್ತಿದ್ದದ್ದೂ ರದ್ದು, ಮೊದಲೇ ಸತ್ತಿದ್ದದ್ದೂ ರದ್ದು. ಆದರೆ ಚುನಾವಣೆ ಬರಲಿ, ಆಗ ನೋಡಿ ಹಳೇ ಜೀಪಿನ ದರ್ಬಾರು. 1951ರ ಜನಪ್ರಾತಿನಿಧ್ಯ ಕಾಯ್ದೆಯ 160ನೇ ಕಲಂ ಇದೆಯಲ್ಲ, ಚುನಾವಣೆ ಕೆಲಸಕ್ಕೆ ಜನರ ಗಾಡಿಯನ್ನೂ ವಶಕ್ಕೆ ಪಡೆಯಬಹುದು. ಮತಯಂತ್ರ ಹೊತ್ತು ಬೆಟ್ಟದ ತುದಿಯ ಮತಗಟ್ಟೆಗೆ ಹೋಗೋಕೆ ದೆಹಲಿಯಿಂದ ಹೊಸ ಮಾಡೆಲ್ ಬರಲ್ಲ. ಪ್ರಜಾಪ್ರಭುತ್ವ ಹೊರೋ ದಿನ ಜೀಪಿಗೆ ವಯಸ್ಸಿಲ್ಲ, ಮಾರನೇ ದಿನ ಮುದಿ ಗಾಡಿ. ಪ್ರವಾಸಿಗರಿಗೂ ಇದೇ ಬೇಕು. ಚಿಕ್ಕಮಗಳೂರಿನ ಝರಿ ಫಾಲ್ಸ್‌ಗೆ ಬಂದವರ ಕಾರು ಕೊನೆಯ ದಾರಿಗೆ ಬಗ್ಗಲ್ಲ, ಜೀಪೇ ಹತ್ತಬೇಕು. ಇಳಿದ ಮೇಲೆ ಸೊಂಟ ಹಿಡಿದುಕೊಂಡು ಅದರ ಮುಂದೆ ಫೋಟೋ.

ತಮಾಷೆ ಸಾಕು. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ತೆರೆದಿದೆಯಾ ಅಂತ ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳಬೇಕು, ಅದು ಹೆದ್ದಾರಿಗಳ ಕಥೆ. ತೋಟದ ಒಳಗಿನ ದಾರಿ ಕೇಳೋರೇ ಇಲ್ಲ. ಜುಲೈ ರಾತ್ರಿ ಲೈನ್ ಮನೆಯ ಹೆಂಗಸಿಗೆ ಹೆರಿಗೆ ನೋವು ಬಂದರೆ ಆಂಬುಲೆನ್ಸ್ ಟಾರು ಮುಗಿದ ಕಡೆ ನಿಲ್ಲುತ್ತೆ. ಡ್ರೈವರ್‌ದು ತಪ್ಪಲ್ಲ, ಮುಂದೆ ಹೋದರೆ ಹೂತುಹೋಗುತ್ತೆ. ಅಲ್ಲಿವರೆಗೆ ಆಕೆಯನ್ನು ಕರೆತರೋದು ಫೋರ್ ವೀಲ್ ಹಾಕಿಕೊಂಡ ಇದೇ ಮುದಿ ಜೀಪು. ರಸ್ತೆ ಮಾಡಲಿಲ್ಲ, ಬಸ್ ಬಿಡಲಿಲ್ಲ, ಎರಡೂ ಇಲ್ಲದ ಕಡೆ ಓಡಾಡ್ತಿರೋ ಗಾಡಿಗೆ ಮಾತ್ರ ದಂಡ. ಬ್ರೇಕ್ ನೋಡಿ, ಸ್ಟೇರಿಂಗ್ ನೋಡಿ, ಹೊಗೆ ಅಳೀರಿ. ಫೇಲಾದರೆ ಅಲ್ಲೇ ನಿಲ್ಲಿಸಿ, ಯಾರೂ ಬೇಡ ಅನ್ನಲ್ಲ. ಅದನ್ನು ನೆಟ್ಟಗೆ ಮಾಡದೆ ಹುಟ್ಟಿದ ವರ್ಷ ನೋಡಿ ದುಡ್ಡು ಕೇಳೋದಕ್ಕೆ ಪರಿಸರ, ಸುರಕ್ಷತೆ ಅಂತೆಲ್ಲ ಹೆಸರು ಯಾಕೆ? ವಸೂಲಿ ಅಂತಲೇ ಹೇಳಿ. ಕಟ್ಟೋರಿಗೂ ಅಷ್ಟು ಉರಿಯಲ್ಲ.

ಆಯಿತು, ಕಟ್ಟಿ ಬಂದಿದ್ದೇವೆ. ಅಂಕಿ ಎಂಟು ಅಂತ ತೀರ್ಮಾನವಾಗಿ ಜೀಪಿಗೆ ಇನ್ನೂ ಐದು ವರ್ಷ ಆಯುಷ್ಯ ಸಿಕ್ಕಿದೆ. ನಾಲ್ಕೂ ಚಕ್ರದ ಬ್ರೇಕ್ ಲೈನಿಂಗ್ ಬದಲಿಸಿ, ಸ್ಟೇರಿಂಗ್ ಸಡಿಲ ತೆಗೆಸೋಣ ಅಂತ ಎತ್ತಿಟ್ಟಿದ್ದ ದುಡ್ಡು ಅದಕ್ಕೇ ಹೋಯಿತು. ಆ ಕೆಲಸ ಮೆಣಸು ಕೊಯ್ಲು ಆದ ಮೇಲೆ ನೋಡೋಣ ಅಂತ ಭಾಯ್‌ಗೆ ಹೇಳಿದ್ದೇವೆ. ಅಲ್ಲಿವರೆಗೆ ಎದುರಿಗೆ ಬರೋರು ಸ್ವಲ್ಪ ಎಡಕ್ಕೆ ಇರಿ.