ರಕ್ತನಾಳಕ್ಕೂ ದಾರಿ ಗೊತ್ತಾಗಬೇಕು

ನಮ್ಮ ಸೋದರಮಾವನಿಗೆ ಲಕ್ವ ಹೊಡೆದು ಐದು ತಿಂಗಳಾಯಿತು. ಬಲಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ. ಮೊನ್ನೆ ಅವರ ಮಗ ವಾಟ್ಸಾಪ್‌ನಲ್ಲಿ ಒಂದು ಜಾಹೀರಾತು ಕಳಿಸಿದ. ಮೆದುಳಿನಲ್ಲಿ ಹೊಸ ರಕ್ತನಾಳ ಬೆಳೆಸುವ ಇಂಜೆಕ್ಷನ್ ಅಂತೆ. "ಅಕ್ಕಾ, ನೀನು ಬಯಾಲಜಿ ಪಾಠ ಮಾಡ್ತೀಯಲ್ಲ, ಅಪ್ಪನಿಗೆ ಇದನ್ನ ಹಾಕಿಸಬಹುದಾ?" ಎಂದು ಕೇಳಿದ. ಬೇಡ ಕಣೋ ಎಂದು ಫೋನಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಪಾಪ, ಎಷ್ಟು ಆಸೆಯಿಂದ ಕೇಳಿದ್ದ. ಯಾಕೆ ಬೇಡ ಅಂತ ಸರಿಯಾಗಿ ಹೇಳಬೇಕಿತ್ತು. ಅವನಿಗೆ ಹೇಳಬೇಕಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಕಷ್ಟದಲ್ಲಿರುವ ಮನೆಗಳು ಇನ್ನೂ ಎಷ್ಟೋ ಇವೆ.

ಜಾಹೀರಾತಿನಲ್ಲಿ ಅರ್ಧ ನಿಜವಿದೆ. ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತು ಲಕ್ವ ಹೊಡೆಯುವುದನ್ನೇ ಇಲ್ಲಿ ಸ್ಟ್ರೋಕ್ ಎನ್ನುತ್ತಿದ್ದೇನೆ. ಸ್ಟ್ರೋಕ್ ಆದ ಮೆದುಳು ತಾನಾಗಿಯೇ ಹೊಸ ರಕ್ತನಾಳ ಬೆಳೆಸಲು ಹೊರಡುತ್ತದೆ. 1994ರಲ್ಲಿ ಕ್ರುಪಿನ್‌ಸ್ಕಿ ಎಂಬ ಸಂಶೋಧಕ ಮತ್ತು ಸಂಗಡಿಗರು ಸ್ಟ್ರೋಕ್‌ನಿಂದ ತೀರಿಕೊಂಡವರ ಮೆದುಳುಗಳನ್ನು ಪರೀಕ್ಷಿಸಿದರು. ಸತ್ತುಹೋದ ಭಾಗದ ಅಂಚಿನಲ್ಲಿ ಪುಟ್ಟ ರಕ್ತನಾಳಗಳು ಹೊಸದಾಗಿ ಹುಟ್ಟಿದ್ದವು. ಅವು ಹೆಚ್ಚಿದ್ದವರು ಸ್ಟ್ರೋಕ್ ಆದ ಮೇಲೆ ಜಾಸ್ತಿ ದಿನ ಬದುಕಿದ್ದರು.

ಹಾಗಿದ್ದರೆ ಔಷಧಿ ಕೊಟ್ಟು ಬೆಳೆಸಿಬಿಟ್ಟರೆ ಆಯ್ತಲ್ವಾ? ಅಷ್ಟು ಸುಲಭವಲ್ಲ. ವಿಇಜಿಎಫ್ ಎಂಬ ಪ್ರೋಟೀನ್ ಇದೆ. ರಕ್ತನಾಳ ಬೆಳೆಸುವುದರಲ್ಲಿ ಅದು ಎತ್ತಿದ ಕೈ. 2000ದಲ್ಲಿ ಬಂದ ಒಂದು ಅಧ್ಯಯನದಲ್ಲಿ ಸ್ಟ್ರೋಕ್ ಆದ ಇಲಿಗಳಿಗೆ ಅದನ್ನು ಒಂದು ಗಂಟೆಯೊಳಗೆ ಕೊಟ್ಟರು. ರಕ್ತನಾಳಗಳು ಸೋರತೊಡಗಿದವು, ಮೆದುಳಿನಲ್ಲಿ ರಕ್ತಸ್ರಾವ ಹೆಚ್ಚಿತು. ಅದೇ ಪ್ರೋಟೀನನ್ನು 48 ಗಂಟೆ ಕಳೆದ ಮೇಲೆ ಕೊಟ್ಟಾಗ ಹೊಸ ನಾಳಗಳು ಬಂದವು, ಇಲಿಗಳು ಚೆನ್ನಾಗಿ ಚೇತರಿಸಿಕೊಂಡವು. ಔಷಧಿ ಅದೇ, ಬದಲಾದದ್ದು ಹೊತ್ತು ಮಾತ್ರ.

ಹೊತ್ತು ಸರಿಯಾಗಿದ್ದರೂ ಸಾಲದು. ಬೆಳೆಯುವ ನಾಳ ಯಾವ ಕಡೆ ಹೋಗಬೇಕು? ಇದರ ಉತ್ತರ ಸಿಕ್ಕಿದ್ದು ನರಗಳನ್ನು ಓದಿದವರಿಂದ. ನನಗೆ ಇದರಷ್ಟು ಇಷ್ಟವಾದ ಕಥೆ ಜೀವಶಾಸ್ತ್ರದಲ್ಲಿ ಇನ್ನೊಂದಿಲ್ಲ.

ಸ್ಪೇನ್‌ನ ವಿಜ್ಞಾನಿ ರಾಮೋನ್ ಇ ಕಹಾಲ್ 1890ರಲ್ಲಿ ಕೋಳಿಮೊಟ್ಟೆಯೊಳಗಿನ ಭ್ರೂಣವನ್ನು ನೋಡುತ್ತಿದ್ದರು. ಬೆಳೆಯುವ ನರತಂತುವಿನ ತುದಿಯಲ್ಲಿ ಅಂಗೈಯಂಥ ಒಂದು ಉಬ್ಬು ಕಂಡಿತು. ಆ ಉಬ್ಬು ಕತ್ತಲಲ್ಲಿ ಗೋಡೆ ತಡವಿದ ಹಾಗೆ ಬೆರಳು ಚಾಚಿ ತಡವುತ್ತಾ ಮುಂದೆ ಹೋಗುತ್ತದೆ. ಅದನ್ನು ಇತ್ತ ಬಾ ಎಂದು ಕರೆಯುವುದು ಯಾರು? ಸುಮಾರು ನೂರು ವರ್ಷ ಕಳೆದು, 1994ರಲ್ಲಿ, ಅಮೆರಿಕದ ಟೆಸಿಯೆ-ಲವಿನ್ ತಂಡ ಕೋಳಿ ಭ್ರೂಣಗಳ ಮೆದುಳಿನಿಂದಲೇ ಹಾಗೆ ಕರೆಯುವ ಪ್ರೋಟೀನನ್ನು ಬೇರ್ಪಡಿಸಿತು. ಅದಕ್ಕೆ ನೆಟ್ರಿನ್ ಎಂದು ಹೆಸರಿಟ್ಟರು. ಸಂಸ್ಕೃತದ 'ನೇತೃ' ಪದದಿಂದ ತೆಗೆದ ಹೆಸರು. ನಾವು ನೇತಾರ ಎನ್ನುತ್ತೇವಲ್ಲ, ಅದೇ ಮೂಲ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖ ಅರಳುತ್ತದೆ.

ಇದೇ ಪ್ರೋಟೀನಿನ ಜೀನ್ ಒಂದು ಪುಟ್ಟ ಹುಳುವಿನಲ್ಲೂ ಇತ್ತು. ಆ ಜೀನ್ ಕೆಟ್ಟರೆ ಹುಳು ಸರಿಯಾಗಿ ತೆವಳಲಾರದು. ತೆವಳಲಾರದ ಹುಳುಗಳನ್ನು ವರ್ಷಗಟ್ಟಲೆ ನೋಡುತ್ತಾ ಕೂತವರನ್ನು "ಇದರಿಂದ ಯಾವ ರೋಗ ವಾಸಿಯಾಗುತ್ತೆ?" ಎಂದು ಕೇಳಿದ್ದರೆ ಅವರ ಹತ್ತಿರ ಉತ್ತರ ಇರುತ್ತಿರಲಿಲ್ಲ. ಇಂಥ ಕೆಲಸಕ್ಕೆ ದುಡ್ಡು ಯಾಕೆ ಎನ್ನುವವರನ್ನು ಕಂಡರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಇನ್ನು ರಕ್ತನಾಳದ ವಿಷಯ. ಹೊಸ ನಾಳ ಚಿಗುರುವಾಗ ಅದರ ಮುಂದೆ ಒಂದು ತುದಿಕೋಶ ಇರುತ್ತದೆ. ಅದೂ ಕಹಾಲ್ ಕಂಡ ಉಬ್ಬಿನ ಹಾಗೆಯೇ ಬೆರಳು ಚಾಚಿ ದಾರಿ ಹುಡುಕುತ್ತದೆ. ಸಂಕೇತಗಳೂ ಎಷ್ಟೋ ಅವೇ. ಕೋಶದ ಮೇಲಿದ್ದು ಸಂಕೇತ ಹಿಡಿಯುವ ಪ್ರೋಟೀನುಗಳಿಗೆ ಗ್ರಾಹಿ ಎನ್ನುತ್ತಾರೆ. ನೆಟ್ರಿನ್ ಕೆಲವು ಗ್ರಾಹಿಗಳ ಮೂಲಕ "ಬಾ" ಎನ್ನುತ್ತದೆ, ಇನ್ನು ಕೆಲವುಗಳ ಮೂಲಕ "ಹೋಗು" ಎನ್ನುತ್ತದೆ. 2004ರಲ್ಲಿ ಒಂದು ತಂಡ ಅದು ರಕ್ತನಾಳವನ್ನು ದೂರ ತಳ್ಳುತ್ತದೆ ಎಂದಿತು. ಅದೇ ವರ್ಷ ಇನ್ನೊಂದು ತಂಡ ಅದು ಬೆಳವಣಿಗೆಗೆ ನೆರವಾಗುತ್ತದೆ ಎಂದಿತು. ಯಾವ ಕೋಶದ ಮೇಲೆ ಯಾವ ಗ್ರಾಹಿ ಇದೆ, ನೆಟ್ರಿನ್ ಎಷ್ಟಿದೆ ಎನ್ನುವುದರ ಮೇಲೆ ಫಲ ಬದಲಾಗುತ್ತದೆ.

ಸೆಮಾಫೋರಿನ್ 3ಎ ಎಂಬ ಇನ್ನೊಂದು ಪ್ರೋಟೀನ್ ನರತಂತುಗಳನ್ನು ಹಿಂದಕ್ಕೆ ಅಟ್ಟುತ್ತದೆ. ಅದು ಹಿಡಿಯುವ ನ್ಯೂರೋಪಿಲಿನ್ ಎಂಬ ಗ್ರಾಹಿಯನ್ನೇ ವಿಇಜಿಎಫ್ ಕೂಡ ಹಿಡಿಯುತ್ತದೆ. ನರಕ್ಕೂ ನಾಳಕ್ಕೂ ಒಂದೇ ಬಾಗಿಲು! ಸ್ಟ್ರೋಕ್ ಆದ ಇಲಿಗಳ ಮೆದುಳಿನಲ್ಲಿ ಈ ಸೆಮಾಫೋರಿನ್ ಹೆಚ್ಚಾಗಿ ನಾಳಗಳು ಸೋರುವಂತೆ ಮಾಡುತ್ತದೆ. ನೆಟ್ರಿನ್ ಹೆಚ್ಚಿಸಿದ ಇಲಿಗಳಲ್ಲಿ ಹೊಸ ನಾಳಗಳೂ ಜಾಸ್ತಿ, ಚೇತರಿಕೆಯೂ ಜಾಸ್ತಿ ಕಂಡಿದೆ. ಆದರೆ ಇದೆಲ್ಲ ಇಲಿಗಳ ಮಾತು. ಸ್ಟ್ರೋಕ್‌ಗೆ ಆಸ್ಪತ್ರೆಯಲ್ಲಿ ಕೊಡುವ ನೆಟ್ರಿನ್ ಔಷಧಿ ಇವತ್ತು ಇಲ್ಲ.

ಸುಮ್ನೆ ನಾಳ ಬೆಳೆದರೆ ಸಾಲದು. ಅದು ಸೋರಬಾರದು, ಸರಿಯಾದ ಕಡೆ ಹೋಗಿ ಕೂಡಿಕೊಳ್ಳಬೇಕು, ಪಕ್ಕದಲ್ಲಿ ಬೆಳೆಯುವ ನರವನ್ನು ಅಟ್ಟಬಾರದು. "ಬೆಳೆಸುತ್ತೇವೆ" ಎಂದಷ್ಟೇ ಬರೆದ ಜಾಹೀರಾತಿನಲ್ಲಿ ಇದು ಯಾವುದೂ ಇಲ್ಲ. ಸಂಕಟದಲ್ಲಿರುವ ಮನೆಯವರ ಆಸೆಯನ್ನು ಹೀಗೆ ಮಾರುವುದು ದೊಡ್ಡ ತಪ್ಪು.

ನಿನ್ನೆ ತಮ್ಮನಿಗೆ ಮತ್ತೆ ಫೋನ್ ಮಾಡಿದೆ. ಯಾವ ಪ್ರೋಟೀನ್, ಸ್ಟ್ರೋಕ್ ಆಗಿ ಎಷ್ಟು ದಿನಕ್ಕೆ ಕೊಡುತ್ತಾರೆ, ಮನುಷ್ಯರ ಮೇಲೆ ಪ್ರಯೋಗ ಆಗಿದೆಯಾ ಅಂತ ಜಾಹೀರಾತಿನವರನ್ನು ಕೇಳು ಎಂದೆ. ನಮ್ಮ ನರರೋಗದ ಡಾಕ್ಟರನ್ನು ಕೇಳದೆ ಏನನ್ನೂ ಹಾಕಿಸಬೇಡ ಎಂದೂ ಹೇಳಿದೆ. ಸ್ಟ್ರೋಕ್ ಆದ ಇಲಿಗಳು ಓಡಾಡಿದಾಗಲೂ ಹೊಸ ರಕ್ತನಾಳಗಳು ಹೆಚ್ಚುತ್ತವೆ ಎಂದಾಗ ಅವನ ದನಿ ಸ್ವಲ್ಪ ಹಗುರವಾಯಿತು. "ಹಾಗಾದ್ರೆ ಫಿಸಿಯೋಥೆರಪಿ ಒಂದಿನಾನೂ ತಪ್ಪಿಸಲ್ಲ ಅಕ್ಕಾ" ಎಂದ. ಮಾವ ಪಕ್ಕದಲ್ಲೇ ಇದ್ದರು. ಫೋನ್ ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು ಮಾತಾಡಿದರಂತೆ, ತಮ್ಮ ಆಮೇಲೆ ಹೇಳಿದ.